ಎತ್ತಬಲ್ಲದು, ಒತ್ತಲಾರದು: ಬೇಲಿ ಗುಂಡಿಗೆ ಟ್ರ್ಯಾಕ್ಟರ್ ಡಿಗ್ಗರ್

ಒಂದು ಎಕರೆಯ ಚೌಕ ಹೊಲ ಎಂದಿಟ್ಟುಕೊಳ್ಳಿ. ಸುತ್ತಳತೆ ಸುಮಾರು 835 ಅಡಿ. 10 ಅಡಿಗೊಂದು ಕಲ್ಲು ಕಂಬ ನಿಲ್ಲಿಸಿದರೆ 84 ಗುಂಡಿ ಬೇಕು. ಮೂಲೆಯ ಆಸರೆ ಕಂಬ, ಗೇಟಿನ ಕಂಬ ಅಂತ ಇನ್ನಷ್ಟು ಸೇರುತ್ತವೆ. ಹಾರೆ ಹಿಡಿದು ಇಷ್ಟೂ ಗುಂಡಿ ತೋಡುವ ಆಳುಗಳು ಈಗ ಸಿಗುವುದೇ ಕಷ್ಟ. ಅದಕ್ಕೇ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಗುಂಡಿ ತೋಡುವ ಯಂತ್ರದ ಕಡೆ ಎಲ್ಲರ ಕಣ್ಣು. ಕೆಲವರು ಹೋಲ್ ಡಿಗ್ಗರ್ ಅಂತಾರೆ, ಕೆಲವರು ಸುಮ್ನೆ ಗುಂಡಿ ಮಿಷನ್ ಅಂತಾರೆ.

ಹದವಾದ ಕೆಂಪು ಮಣ್ಣಿನಲ್ಲಿ ಈ ಯಂತ್ರ ಎರಡು ಅಡಿ ಆಳದ ಗುಂಡಿಯನ್ನು ಒಂದೆರಡು ನಿಮಿಷದಲ್ಲಿ ತೆಗೆದುಬಿಡುತ್ತದೆ. ಅದೇ ಯಂತ್ರ, ಅದೇ ಡ್ರೈವರ್, ಪಕ್ಕದ ಹೊಲದಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಸಿಕ್ಕಿದ ಕೂಡಲೇ ಒಂದೇ ಕಡೆ ಗಿರಗಿರ ತಿರುಗುತ್ತಾ ನಿಂತುಬಿಡುತ್ತದೆ. ಮಣ್ಣು ಬಿಸಿಯಾಗುತ್ತದೆ, ಹಲ್ಲು ಸವೆಯುತ್ತದೆ, ಗುಂಡಿ ಮಾತ್ರ ಇಳಿಯುವುದಿಲ್ಲ. 50 ಎಚ್‌ಪಿ ಟ್ರ್ಯಾಕ್ಟರ್ ಇದ್ದೂ ಹೀಗೇಕೆ?

ಕಾರಣ ಟ್ರ್ಯಾಕ್ಟರಿನ ಹೈಡ್ರಾಲಿಕ್ಸ್‌ನಲ್ಲಿದೆ. ನಮ್ಮಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳ ಹಿಂದಿನ ಮೂರು ಕೊಂಡಿಗಳ ತೋಳು ಭಾರವನ್ನು ಎತ್ತುತ್ತದೆ, ಆದರೆ ಕೆಳಕ್ಕೆ ಒತ್ತುವುದಿಲ್ಲ. ಲಿವರ್ ಕೆಳಗೆ ಮಾಡಿದಾಗ ತೋಳು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅಷ್ಟೇ. ಅಂದರೆ ಯಂತ್ರ ನೆಲಕ್ಕೆ ಇಳಿಯಲು ಇರುವುದು ಎರಡೇ ಬಲ: ಅದರ ಸ್ವಂತ ತೂಕ ಮತ್ತು ಹಲ್ಲುಗಳು ಮಣ್ಣನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುವ ಗುಣ. ಎಂಜಿನ್ನಿನ ಎಚ್‌ಪಿ ಎಲ್ಲ ಹೋಗುವುದು ತಿರುಗಿಸುವುದಕ್ಕೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಯಾವ ಅಳತೆ ಕೊಳ್ಳಬೇಕು, ಯಾವಾಗ ತೋಡಬೇಕು, ಎಲ್ಲಿ ಅಪಾಯ ಕಾದಿದೆ ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಒಳಗೆ ಏನೇನಿದೆ

ಟ್ರ್ಯಾಕ್ಟರಿನ ಹಿಂದೆ ಪಿಟಿಒ ಇದೆಯಲ್ಲ, ಎಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ ಗಿಡ್ಡ ದಂಡ, ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಲ್ಲಿಂದ ಒಂದು ಶಾಫ್ಟ್ ಗೇರ್ ಬಾಕ್ಸಿಗೆ ಹೋಗುತ್ತದೆ. ಗೇರ್ ಬಾಕ್ಸ್ ಎರಡು ಕೆಲಸ ಮಾಡುತ್ತದೆ. ಅಡ್ಡ ತಿರುಗುವುದನ್ನು ಲಂಬಕ್ಕೆ ತಿರುಗಿಸುತ್ತದೆ, ವೇಗವನ್ನು ಮೂರನೇ ಒಂದರಷ್ಟಕ್ಕೆ ಇಳಿಸಿ ಬಲ ಹೆಚ್ಚಿಸುತ್ತದೆ. ಅದರ ಕೆಳಗೆ ನೇತಾಡುವುದೇ ಆಗರ್, ತಿರುಪಿನಂತೆ ಸುರುಳಿ ರೆಕ್ಕೆ ಇರುವ ಉಕ್ಕಿನ ದಂಡ. ತುದಿಯಲ್ಲಿ ಮೊನೆ, ಮೊನೆಯ ಪಕ್ಕ ಬೋಲ್ಟ್ ಹಾಕಿ ಕೂರಿಸಿದ ಹಲ್ಲುಗಳು. ಮೊನೆ ಜಾಗ ಹಿಡಿದುಕೊಳ್ಳುತ್ತದೆ, ಹಲ್ಲು ಕತ್ತರಿಸುತ್ತದೆ, ಸುರುಳಿ ಮಣ್ಣನ್ನು ಮೇಲಕ್ಕೆ ತರುತ್ತದೆ.

ಇನ್ನೊಂದು ಸಣ್ಣ ಭಾಗ ಇದೆ. ಶಾಫ್ಟ್ ಕೂಡುವ ಕಡೆ ಇರುವ ಶಿಯರ್ ಬೋಲ್ಟ್. ಕಲ್ಲಿಗೋ ಬೇರಿಗೋ ಸಿಕ್ಕಿ ಆಗರ್ ನಿಂತರೆ ಮೊದಲು ಮುರಿಯಬೇಕಾದದ್ದು ಇದೇ. ಇದು ಮುರಿದರೆ ಗೇರ್ ಬಾಕ್ಸ್ ಉಳಿಯಿತು ಅಂತ ಲೆಕ್ಕ. ಪದೇ ಪದೇ ಮುರಿಯುತ್ತದೆ ಅಂತ ಸಿಟ್ಟಾಗಿ ಗಟ್ಟಿ ಬೋಲ್ಟನ್ನೋ ಕಬ್ಬಿಣದ ಸರಳಿನ ತುಂಡನ್ನೋ ತುರುಕುವವರಿದ್ದಾರೆ. ಆಮೇಲೆ ಮುರಿಯುವುದು ಗೇರಿನ ಹಲ್ಲು, ಇಲ್ಲವೇ ಪಿಟಿಒ. ಕಂಪನಿ ಹೇಳಿದ ಅಳತೆ ಮತ್ತು ಗ್ರೇಡಿನ ಬೋಲ್ಟುಗಳನ್ನೇ ಹತ್ತಾರು ತಂದು ಟೂಲ್ ಬಾಕ್ಸಿನಲ್ಲಿ ಹಾಕಿಡಿ. ಬೋಲ್ಟಿನ ಉದ್ದವನ್ನೂ ನೋಡಿ. ಹೊರಗೆ ಚಾಚಿಕೊಂಡ ತುದಿ ಬಟ್ಟೆಗೆ ಕೊಕ್ಕೆಯಾಗುತ್ತದೆ. ಆ ಮಾತು ಮುಂದೆ ಬರುತ್ತದೆ.

ಮೊದಲು ಕಂಬ ಅಳೆಯಿರಿ

ಆಗರ್ 6, 9, 12, 18, 24 ಇಂಚು ಅಗಲದಲ್ಲಿ ಸಿಗುತ್ತದೆ. ಆಳ ಸಾಮಾನ್ಯವಾಗಿ 3 ಅಡಿ. ಅಂಗಡಿಯವರು "ದೊಡ್ಡದೇ ತಗೊಳ್ಳಿ, ಎಲ್ಲಕ್ಕೂ ಆಗುತ್ತೆ" ಅನ್ನುವುದುಂಟು. ಬೇಲಿಗೆ ಈ ಮಾತು ಸರಿಯಲ್ಲ. ಮೊದಲು ಕಂಬ ಯಾವುದು ಅಂತ ತೀರ್ಮಾನವಾಗಬೇಕು.

ನಮ್ಮ ಕಡೆ ಹೆಚ್ಚಾಗಿ ಹಾಕುವುದು ಸೀಳಿದ ಕಲ್ಲು ಕಂಬ, ಕೆಲವೆಡೆ ಕೂಚ ಅನ್ನುತ್ತಾರೆ. ಒಂದು ಮುಖ 6 ಇಂಚು, ಇನ್ನೊಂದು 4 ಇಂಚು ಎಂದುಕೊಳ್ಳೋಣ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ 7 ಇಂಚು ದಾಟುತ್ತದೆ. ಹಾಗಾಗಿ 6 ಇಂಚಿನ ಗುಂಡಿಗೆ ಈ ಕಲ್ಲು ಇಳಿಯುವುದೇ ಇಲ್ಲ. 9 ಇಂಚಿಗೆ ಇಳಿಯುತ್ತದೆ, ಆದರೆ ಕಲ್ಲಿನ ಮೂಲೆಗೂ ಗುಂಡಿಯ ಗೋಡೆಗೂ ನಡುವೆ ಒಂದು ಇಂಚೂ ಉಳಿಯುವುದಿಲ್ಲ. ಅಲ್ಲಿಗೆ ಹಾರೆ ಹೋಗದು, ಮಣ್ಣನ್ನು ಬಡಿದು ಕೂರಿಸಲಾಗದು. ಸೀಳಿದ ಕಲ್ಲು ನೇರವೂ ಇರುವುದಿಲ್ಲ, ಹೊಟ್ಟೆ ಬಿಟ್ಟಿರುತ್ತದೆ, ಸೊಟ್ಟ ಇರುತ್ತದೆ. ಸಾಲಿಗೆ ತರಬೇಕಾದರೆ ಅತ್ತಿತ್ತ ಅಲ್ಲಾಡಿಸಲು ಜಾಗ ಬೇಕು. ಇಂಥ ಕಲ್ಲಿಗೆ 12 ಇಂಚೇ ಸರಿ. ಎರಡು ಇಂಚಿನ ಜಿಐ ಪೈಪಿಗೋ ಕಬ್ಬಿಣದ ಆಂಗಲ್‌ಗೋ ಆದರೆ 6 ಇಂಚು ಸಾಕು, ಸುತ್ತ ಎರಡು ಇಂಚು ಕಾಂಕ್ರೀಟ್ ಹಿಡಿಯುತ್ತದೆ. ಸಿಮೆಂಟ್ ಕಂಬ ಸಪೂರವಾಗಿದ್ದರೆ 9 ಇಂಚು.

ಇನ್ನು 18 ಇಂಚು ಹಾಕಿದರೆ ಏನಾಗುತ್ತದೆ? ಗುಂಡಿಯ ಅಗಲ ಒಂದೂವರೆ ಪಟ್ಟು ಆದರೆ ಒಳಗಿನ ಜಾಗ ಎರಡೂಕಾಲು ಪಟ್ಟು ಆಗುತ್ತದೆ. ಎರಡು ಅಡಿ ಆಳದ 12 ಇಂಚಿನ ಗುಂಡಿಯಲ್ಲಿ ಕಲ್ಲು ಇಳಿಸಿದ ಮೇಲೆ ಉಳಿಯುವ ಜಾಗ ಸುಮಾರು 1.25 ಘನ ಅಡಿ. 18 ಇಂಚಿನದರಲ್ಲಿ 3.2 ಘನ ಅಡಿ. 84 ಗುಂಡಿಗೂ ಕಾಂಕ್ರೀಟ್ ತುಂಬುವುದಾದರೆ ಒಂದರಲ್ಲಿ 105 ಘನ ಅಡಿ, ಇನ್ನೊಂದರಲ್ಲಿ 270 ಘನ ಅಡಿ ಹತ್ತಿರ. ಜಲ್ಲಿ, ಮರಳು, ಸಿಮೆಂಟಿನ ದರ ಹಾಕಿ ನೋಡಿ. ಬಾಡಿಗೆಯಲ್ಲಿ ಉಳಿಸಿದ ದುಡ್ಡು ಇಲ್ಲೇ ಕರಗುತ್ತದೆ.

ತೋಟ ಮಾಡುವವರು "ಅಡಿಕೆ, ತೆಂಗಿನ ಗುಂಡಿಗೂ ಆಗಲಿ" ಅಂತ 18, 24 ಇಂಚು ಕೇಳುತ್ತಾರೆ. ಗೇರ್ ಬಾಕ್ಸ್ ಒಂದೇ ಇಟ್ಟುಕೊಂಡು ಆಗರ್ ಎರಡು ಅಳತೆಯದು ಕೊಳ್ಳಬಹುದು, ಬದಲಾಯಿಸುವುದು ಸುಲಭ. ಆದರೆ ಜಿಗುಟು ಮಣ್ಣಿನಲ್ಲಿ ಆಗರ್ ಗುಂಡಿಯ ಗೋಡೆಯನ್ನು ಸಾರಿಸಿದ ಹಾಗೆ ನುಣ್ಣಗೆ ಮಾಡಿಬಿಡುತ್ತದೆ. ಬೇರು ಆ ಗೋಡೆ ದಾಟದೆ ಒಳಗೇ ಸುತ್ತುತ್ತದೆ. ಗಿಡದ ಗುಂಡಿಯಾದರೆ ಹಾರೆಯಿಂದ ಗೋಡೆಯನ್ನು ನಾಲ್ಕು ಕಡೆ ಕೆದಕಿ ಬಿಡಿ.

ಟ್ರ್ಯಾಕ್ಟರಿಗೆ ಹೊಂದುತ್ತದೆಯೇ

12 ಇಂಚಿನ ತನಕ 35 ಎಚ್‌ಪಿ ಟ್ರ್ಯಾಕ್ಟರ್ ಸಾಕು. 18ಕ್ಕೂ 24ಕ್ಕೂ 45-50 ಎಚ್‌ಪಿ ಇದ್ದರೆ ಒಳ್ಳೆಯದು. ಎಚ್‌ಪಿಗಿಂತ ಜನ ಮರೆಯುವುದು ಶಾಫ್ಟಿನ ಉದ್ದವನ್ನು. ಶಾಫ್ಟ್ ಒಂದರೊಳಗೊಂದು ಜಾರುವ ಎರಡು ತುಂಡು. ಯಂತ್ರ ಏರಿ ಇಳಿಯುವಾಗ ಇದು ಚಿಕ್ಕದಾಗುತ್ತದೆ, ಉದ್ದವಾಗುತ್ತದೆ. ಉದ್ದ ಜಾಸ್ತಿ ಇದ್ದರೆ ಒಂದು ಹಂತದಲ್ಲಿ ತುದಿಗೆ ತಾಗಿ ಟ್ರ್ಯಾಕ್ಟರಿನ ಪಿಟಿಒ ಬೇರಿಂಗನ್ನೇ ಗುದ್ದುತ್ತದೆ. ಕಡಿಮೆ ಇದ್ದರೆ ತಿರುಗುತ್ತಿರುವಾಗಲೇ ಬಿಟ್ಟುಕೊಳ್ಳಬಹುದು. ಹೊಸ ಯಂತ್ರ ಬಂದ ದಿನ ಎಂಜಿನ್ ಆಫ್ ಇದ್ದಾಗಲೇ ಎತ್ತಿ, ಇಳಿಸಿ ಅಳೆದು ನೋಡಿ. ಅತಿ ಉದ್ದ ಆದಾಗಲೂ ಮೂರನೇ ಒಂದು ಭಾಗದಷ್ಟಾದರೂ ಒಂದರೊಳಗೊಂದು ಇರಬೇಕು.

ಯಂತ್ರವನ್ನು ಪೂರ್ತಿ ಎತ್ತಿದಾಗ ಶಾಫ್ಟ್ ತುಂಬ ಓರೆಯಾಗುತ್ತದೆ. ಆ ಸ್ಥಿತಿಯಲ್ಲಿ ಪಿಟಿಒ ಓಡಿಸಿದರೆ ಶಾಫ್ಟಿನ ತುದಿಯಲ್ಲಿ ಬಾಗುವ ಕೀಲು, ಅಂದರೆ ಕ್ರಾಸ್, ಹೋಗುತ್ತದೆ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಪಿಟಿಒ ಬಂದ್ ಮಾಡಿಯೇ ಹೋಗಿ. ಹಿಂದೆ ಇಷ್ಟು ಭಾರ ನೇತಾಡುವಾಗ ಮುಂದಿನ ಗಾಲಿ ಹಗುರವಾಗುತ್ತದೆ. ಏರುನೆಲದಲ್ಲಿ ಸ್ಟಿಯರಿಂಗ್ ಹಿಡಿತ ತಪ್ಪದಂತೆ ಮುಂದೆ ತೂಕದ ಕಬ್ಬಿಣ ಹಾಕಿಕೊಳ್ಳಿ. ಇನ್ನು ಗೇರ್ ಬಾಕ್ಸಿಗೆ 90 ನಂಬರ್ ಆಯಿಲ್, ಕ್ರಾಸ್‌ಗೆ ದಿನಾ ಗ್ರೀಸ್. ಅಷ್ಟೇ ಆರೈಕೆ.

ಮಣ್ಣಿನ ಹದ

ಒತ್ತಲಾರದ ಯಂತ್ರಕ್ಕೆ ಮಣ್ಣಿನ ಹದವೇ ಜೀವಾಳ. ಏಪ್ರಿಲ್ ಬಿಸಿಲಿನಲ್ಲಿ ಒಣಗಿದ ಕೆಂಪು ನೆಲಕ್ಕೆ ಹಲ್ಲು ಕಚ್ಚುವುದೇ ಇಲ್ಲ. ಒಂದು ಒಳ್ಳೆಯ ಮಳೆ ಬಿದ್ದು ಎರಡು-ಮೂರು ದಿನ ಆರಿದ ಮೇಲೆ ಅದೇ ನೆಲದಲ್ಲಿ ಕೆಲಸ ಸರಾಗ. ಮಳೆಗೆ ಕಾಯುವಷ್ಟು ಸಮಯ ಇಲ್ಲ ಅಂದರೆ ಗುರುತು ಹಾಕಿದ ಕಡೆ ಗುದ್ದಲಿಯಿಂದ ಸಣ್ಣ ತಗ್ಗು ಮಾಡಿ, ಹಿಂದಿನ ದಿನ ಒಂದೊಂದು ಬಿಂದಿಗೆ ನೀರು ಹುಯ್ಯಿರಿ. ಡ್ರಿಪ್ ಇದ್ದವರು ಲ್ಯಾಟರಲ್ ಪೈಪನ್ನೇ ಬೇಲಿ ಸಾಲಿನಲ್ಲಿ ಎಳೆದು ರಾತ್ರಿ ಬಿಟ್ಟರೂ ಆಯಿತು.

ಎರೆ ಭೂಮಿಯ ತೊಂದರೆ ಬೇರೆ. ಒದ್ದೆ ಇದ್ದಾಗ ಮಣ್ಣು ಆಗರಿಗೆ ಮೆತ್ತಿಕೊಂಡು ಬಿಡುವುದಿಲ್ಲ. ಒಣಗಿದಾಗ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಏಳುತ್ತದೆ. ನಡುವಿನ ಹದ ಕೆಲವೇ ದಿನ ಸಿಗುತ್ತದೆ. ಗುಂಡಿ ತೆಗೆದ ಮೇಲೂ ಕಷ್ಟ ಮುಗಿಯುವುದಿಲ್ಲ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಕಂಬವನ್ನು ಅಲುಗಿಸುತ್ತಲೇ ಇರುತ್ತದೆ. ಅಲ್ಲಿ ಎರಡು ಅಡಿಗೆ ನಿಲ್ಲಿಸದೆ ಎರಡೂವರೆ, ಮೂರು ಅಡಿಗೆ ಹೋಗಿ. ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬದೆ ಗರಸು ತುಂಬಿ ಬಡಿಯಿರಿ.

ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಮೇಲಿನ ಗಟ್ಟಿ ಪದರವೇ ತೊಡಕು. ಅದನ್ನು ಹಾರೆಯಿಂದ ಒಡೆದುಕೊಟ್ಟರೆ ಎಷ್ಟೋ ಕಡೆ ಕೆಳಗೆ ಯಂತ್ರ ಇಳಿಯುತ್ತದೆ. ಕಾರ್ಬೈಡ್ ಮೊನೆಯ ಹಲ್ಲು ಸಿಗುತ್ತದೆ, ಗರಸಿಗೂ ಜಂಬಿಟ್ಟಿಗೆಗೂ ಅದೇ ಹಾಕಿಸಿ. ಆದರೆ ಹಾಸುಬಂಡೆಗೂ ಗುಂಡುಕಲ್ಲು ತುಂಬಿದ ನೆಲಕ್ಕೂ ಈ ಯಂತ್ರ ಬೇಡ. ಅಲ್ಲಿ ಜೆಸಿಬಿಗೆ ಹಾಕುವ ಹೈಡ್ರಾಲಿಕ್ ಆಗರ್ ಅಥವಾ ಬ್ರೇಕರ್ ನೋಡಿ. ಅದರ ತೋಳು ಕೆಳಕ್ಕೆ ಒತ್ತುತ್ತದೆ, ಆಗರನ್ನು ಉಲ್ಟಾ ತಿರುಗಿಸಲೂ ಬರುತ್ತದೆ. ಜೆಸಿಬಿ ಬಕೆಟ್ಟಿನಿಂದಲೇ ಗುಂಡಿ ತೆಗೆಸಿದರೆ ಕಂಬಕ್ಕಿಂತ ಐದಾರು ಪಟ್ಟು ಅಗಲದ ಹೊಂಡ ಆಗುತ್ತದೆ. ಇಪ್ಪತ್ತು-ಮೂವತ್ತು ಗುಂಡಿಯ ಸಣ್ಣ ಕೆಲಸಕ್ಕೆ ಕೈಯಲ್ಲಿ ಹಿಡಿಯುವ 52 ಸಿಸಿ ಪೆಟ್ರೋಲ್ ಯಂತ್ರವೂ ಆದೀತು. ಬೇರಿಗೆ ಸಿಕ್ಕಿದಾಗ ಹಿಡಿದವರ ರಟ್ಟೆಯನ್ನೇ ತಿರುಚುತ್ತದೆ, ಒಬ್ಬರೇ ಹಿಡಿಯಬೇಡಿ.

ಬಾಡಿಗೆಗೆ ಹೇಳುವ ಮುಂಚೆ ಬೇಲಿ ಸಾಲಿನಲ್ಲಿ ನಾಲ್ಕೈದು ಕಡೆ ಹಾರೆಯಿಂದ ಎರಡು ಅಡಿ ತೋಡಿ ನೋಡಿ. ಯಂತ್ರ ಬಂದು ನಿಂತ ಮೇಲೆ ಬಂಡೆ ಕಂಡರೆ ಬಾಡಿಗೆ ದಂಡ.

ಗಡಿ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುವುದು

ಯಂತ್ರದ ಪುಸ್ತಕಗಳಲ್ಲಿ ಬರೆಯದ ಒಂದು ಸಮಸ್ಯೆ ಇದೆ. ಬಯಲಿನಲ್ಲಾದರೆ ಸಾಲನ್ನು ಎರಡು ಗಾಲಿಗಳ ನಡುವೆ ಇಟ್ಟುಕೊಂಡು ಮುಂದೆ ಮುಂದೆ ಹೋಗಬಹುದು, ತೋಡಿದ ಗುಂಡಿ ಹಿಂದೆ ಉಳಿಯುತ್ತದೆ. ಆದರೆ ಬೇಲಿ ಹಾಕುವುದು ಗಡಿಯಲ್ಲಿ ಅಲ್ವಾ? ಹಾಗೆ ಓಡಿಸಿದರೆ ಒಂದು ಗಾಲಿ ಪಕ್ಕದವರ ಪೈರಿನಲ್ಲಿ ಇರುತ್ತದೆ. ಬದು ಎತ್ತರವಿದ್ದರೆ ಟ್ರ್ಯಾಕ್ಟರ್ ವಾಲುತ್ತದೆ. ಅದಕ್ಕೇ ನಮ್ಮ ಹೊಲದ ಒಳಗಿನಿಂದ ಗಡಿಗೆ ಅಡ್ಡಲಾಗಿ ಹಿಮ್ಮುಖ ಬಂದು ತೋಡಬೇಕು. ಪ್ರತಿ ಗುಂಡಿಗೂ ಹಿಂದೆ ಮುಂದೆ ಹೋಗಬೇಕು, ಹೊತ್ತು ಹಿಡಿಯುತ್ತದೆ. ಗಡಿಯುದ್ದಕ್ಕೂ ಇಪ್ಪತ್ತು ಅಡಿಯಾದರೂ ಖಾಲಿ ಇರಬೇಕು. ಅಂದರೆ ಬೇಲಿ ಕೆಲಸ ಬಿತ್ತನೆಗೆ ಮುಂಚೆ, ಇಲ್ಲವೇ ಕೊಯ್ಲಿನ ನಂತರ.

ಗಡಿಯ ಬಗ್ಗೆ ಸಣ್ಣ ಅನುಮಾನ ಇದ್ದರೂ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆ ಮಾಡಿಸಿ. ಸರ್ವೆ ಕಲ್ಲಿನ ಪಕ್ಕದ ಗುಂಡಿಗಳನ್ನು ಕೈಯಿಂದಲೇ ತೋಡಿ. ಆಗರ್ ತಾಗಿ ಕಲ್ಲು ಅಲುಗಿದರೆ ಜಗಳ ತೋಡಿಕೊಂಡ ಹಾಗೆ. ಬೋರ್‌ವೆಲ್ ಕೇಬಲ್, ಪಿವಿಸಿ ಪೈಪ್ ಬೇಲಿಯನ್ನು ಎಲ್ಲಿ ದಾಟುತ್ತದೆ ಎಂಬುದನ್ನು ಮನೆಯವರೆಲ್ಲ ಸೇರಿ ನೆನಪಿಸಿಕೊಂಡು ಗುರುತು ಹಾಕಿ. ತಲೆ ಮೇಲೆ ಜೋತು ಬಿದ್ದ ಕರೆಂಟ್ ತಂತಿ ಇದ್ದರೆ ಯಂತ್ರ ಎತ್ತುವ ಮುಂಚೆ ಕಣ್ಣೆತ್ತಿ ನೋಡಿ.

ಸಾಲಿಗೆ ಹುರಿ ಕಟ್ಟಿ, ಪ್ರತಿ ಗುಂಡಿಯ ನಡುವಿಗೆ ಸುಣ್ಣದ ಚುಕ್ಕೆ ಇಟ್ಟು, ಹುರಿ ಬಿಚ್ಚಿಬಿಡಿ. ತಿರುಗುವ ಯಂತ್ರದ ಹತ್ತಿರ ಹುರಿ ಇರಬಾರದು.

ತೋಡುವಾಗ

ಮೊನೆಯನ್ನು ಚುಕ್ಕೆಯ ಮೇಲೆ ಇಳಿಸಿ, ಎಂಜಿನ್ ವೇಗ ತಗ್ಗಿಸಿ, ಆಮೇಲೆ ಪಿಟಿಒ ಹಾಕಿ. ಪೂರ್ತಿ 540ಕ್ಕೆ ಏರಿಸಬೇಕಾಗಿಲ್ಲ. ಅರ್ಧ ಅಡಿ ಇಳಿಸಿ, ಎತ್ತಿ, ಮಣ್ಣು ಉದುರಲಿ, ಮತ್ತೆ ಅರ್ಧ ಅಡಿ. ಹೀಗೆ ಕಂತು ಕಂತಾಗಿ. ಎತ್ತುವಾಗ ಆಗರಿನ ತುದಿ ಗುಂಡಿಯ ಬಾಯಿಯೊಳಗೇ ಇರಲಿ. ಪೂರ್ತಿ ಹೊರಗೆ ತೆಗೆದು ತಿರುಗಿಸಿದರೆ ಕಲ್ಲು ಸಿಡಿಯುತ್ತದೆ.

ಒಂದೇ ಸಲ ಇಳಿಸಿಬಿಟ್ಟರೆ ಏನಾಗುತ್ತದೆ ಗೊತ್ತಾ? ಆಗರ್ ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತು ಹಾಕುತ್ತದೆ. ಸುರುಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ಎಂಟು ಇಂಚು ಅಂತರ ಅಂದುಕೊಳ್ಳಿ. ಮೆತ್ತಗಿನ ಮಣ್ಣಿನಲ್ಲಿ ಅದು ಮಣ್ಣನ್ನು ಮೇಲೆ ತರದೆ ತಿರುಪಿನ ಹಾಗೆ ತಾನೇ ಒಳಗೆ ಹೊಕ್ಕರೆ ಎರಡು ಅಡಿಗೆ ಮೂರೇ ಸುತ್ತು, ಒಂದೇ ಸೆಕೆಂಡು. ಲಿವರಿನ ಮೇಲೆ ಕೈ ಹೋಗುವಷ್ಟರಲ್ಲಿ ಆಗರ್ ಹೂತಿರುತ್ತದೆ. ಹೈಡ್ರಾಲಿಕ್ಸ್ ಎತ್ತಲು ಹೋದರೆ ಮುಂದಿನ ಗಾಲಿಯೇ ಮೇಲೇಳುತ್ತದೆ. ಹಾಗಾದಾಗ ರೇಸ್ ಕೊಡಬೇಡಿ. ಪಿಟಿಒ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ದೊಡ್ಡ ಪೈಪ್ ರೆಂಚ್ ಹಿಡಿದು ಆಗರಿನ ದಂಡವನ್ನು ಉಲ್ಟಾ ತಿರುಗಿಸಿ, ಬೇಕಾದರೆ ಸುತ್ತ ಹಾರೆಯಿಂದ ಸಡಿಲ ಮಾಡಿ. ತಿರುಗಿಸಿದಷ್ಟೂ ಮೇಲೆ ಬರುತ್ತದೆ.

ಆಗರ್ ಗುಂಡಿಯೊಳಗೆ ಇರುವಾಗ ಟ್ರ್ಯಾಕ್ಟರನ್ನು ಒಂದು ಗೇಣೂ ಅಲ್ಲಾಡಿಸಬೇಡಿ, ದಂಡ ಬಾಗುತ್ತದೆ. ಗುಂಡಿಯ ತಳದಲ್ಲಿ ಮೂರು-ನಾಲ್ಕು ಇಂಚು ಪುಡಿಮಣ್ಣು ಉಳಿದೇ ಉಳಿಯುತ್ತದೆ. ಅಷ್ಟು ಜಾಸ್ತಿ ತೋಡಿ, ಇಲ್ಲವೇ ಕೈಯಿಂದ ತೆಗೆಯಿರಿ. ಪುಡಿಯ ಮೇಲೆ ನಿಂತ ಕಂಬ ಮೊದಲ ಮಳೆಗೇ ಕುಸಿಯುತ್ತದೆ. ಮೂಲೆಯ ಆಸರೆ ಕಂಬದ ಓರೆ ಗುಂಡಿ ಯಂತ್ರದಿಂದ ಆಗುವುದಿಲ್ಲ, ಅದಕ್ಕೆ ಹಾರೆಯೇ ಗತಿ.

ಪಂಚೆ, ಟವೆಲ್, ಸೆರಗು

ಯಂತ್ರ ಒತ್ತುವುದಿಲ್ಲ ಅಂದೆನಲ್ಲ, ದೊಡ್ಡ ಅಪಾಯ ಹುಟ್ಟುವುದು ಅಲ್ಲೇ. ಆಗರ್ ಇಳಿಯದಿದ್ದಾಗ "ಸ್ವಲ್ಪ ಭಾರ ಕೊಡೋ" ಅಂತ ಯಾರೋ ಒಬ್ಬರು ತೋಳಿನ ಮೇಲೆ ನೇತುಬೀಳುತ್ತಾರೆ, ಇಲ್ಲವೇ ಗೇರ್ ಬಾಕ್ಸಿನ ಮೇಲೆ ಕಾಲಿಡುತ್ತಾರೆ. ಕಾಲಿನಿಂದ ಒಂದು ಗೇಣು ದೂರದಲ್ಲಿ ಶಾಫ್ಟ್ ತಿರುಗುತ್ತಿರುತ್ತದೆ. 540 ಅಂದರೆ ಸೆಕೆಂಡಿಗೆ 9 ಸುತ್ತು. ಏಳು ಸೆಂಟಿಮೀಟರ್ ದಪ್ಪದ ಶಾಫ್ಟ್ ಒಂದು ಸೆಕೆಂಡಿನಲ್ಲಿ ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ನಾಲ್ಕು ಮೊಳದ ಪಂಚೆ ಪೂರ್ತಿ ಹೋಗಲು ಅಷ್ಟು ಸಾಕು. ಬಟ್ಟೆಯ ಜೊತೆ ಉಟ್ಟವರೂ ಹೋಗುತ್ತಾರೆ. ಕೂಗಿ, ಡ್ರೈವರಿಗೆ ಕೇಳಿಸಿ, ಅವನು ಕ್ಲಚ್ ಒತ್ತುವಷ್ಟು ಹೊತ್ತು ಇರುವುದಿಲ್ಲ. ಹೊರಗೆ ಚಾಚಿದ ಶಿಯರ್ ಬೋಲ್ಟಿನ ತುದಿಗೆ ಬಟ್ಟೆ ಸಿಕ್ಕಿಕೊಂಡು ಆದ ಸಾವುಗಳು ಬೇರೆ ದೇಶಗಳಲ್ಲೂ ದಾಖಲಾಗಿವೆ.

ಆದ್ದರಿಂದ ಕೆಲಸಕ್ಕೆ ಪ್ಯಾಂಟ್, ಮೈಗಂಟಿದ ಅಂಗಿ. ಹೆಗಲ ಮೇಲಿನ ಟವೆಲ್ ಮರದ ಕೊಂಬೆಗೆ. ಸೆರಗು, ದುಪಟ್ಟಾ ಹಾಕಿದವರು ಯಂತ್ರ ನಿಂತ ಮೇಲೆಯೇ ಹತ್ತಿರ ಬರಬೇಕು. ಶಾಫ್ಟಿನ ಪ್ಲಾಸ್ಟಿಕ್ ಹೊದಿಕೆ ಅಡ್ಡಿ ಅಂತ ಕಿತ್ತೆಸೆದ ಯಂತ್ರಗಳೇ ಬಾಡಿಗೆಗೆ ಜಾಸ್ತಿ ಬರುತ್ತವೆ. ಹೊದಿಕೆ ಇಲ್ಲದ್ದನ್ನು ವಾಪಸ್ ಕಳಿಸಿ. ಗುಂಡಿ ಅಂಚಿನ ಮಣ್ಣನ್ನು ಸನಿಕೆಯಿಂದ ಎಳೆಯುವುದೂ ಆಗರ್ ಪೂರ್ತಿ ನಿಂತ ಮೇಲೆ. ತಿರುಗುತ್ತಿರುವಾಗ ಡ್ರೈವರ್ ಸೀಟಿನಲ್ಲೇ ಇರಬೇಕು, ಉಳಿದವರು ಹತ್ತು ಅಡಿ ದೂರ. ಭಾರ ಸಾಲದಿದ್ದರೆ ಹಲ್ಲು ಬದಲಾಯಿಸಿ, ನೀರು ಹುಯ್ಯಿರಿ. ಮನುಷ್ಯರನ್ನು ಹತ್ತಿಸಬೇಡಿ.

ಕೊಳ್ಳುವುದೋ, ಬಾಡಿಗೆಯೋ

ಬೇಲಿ ಮಾತ್ರ ಅಂದರೆ ಕೊಳ್ಳಬೇಡಿ ಎಂದೇ ನನ್ನ ಮಾತು. ಕಲ್ಲು ಕಂಬದ ಬೇಲಿ ಒಮ್ಮೆ ಹಾಕಿದರೆ ಬಹಳ ವರ್ಷ ಬಾಳುತ್ತದೆ, ಯಂತ್ರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಊರಿನಲ್ಲಿ ಇಟ್ಟುಕೊಂಡವರನ್ನು ಕೇಳಿ. ತೋಟ ಎಬ್ಬಿಸುವವರು, ಬಾಡಿಗೆಗೂ ಓಡಿಸುವವರು ಕೊಳ್ಳಬಹುದು. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಪಟ್ಟಿ ಕೇಳಿ, ಮಂಜೂರಾದ ಮೇಲೆ ಮಾತ್ರ ಹಣ ಕಟ್ಟಿ.

ಬಾಡಿಗೆ ಗಂಟೆ ಲೆಕ್ಕವೋ, ಗುಂಡಿ ಲೆಕ್ಕವೋ? ಗಂಟೆ ಲೆಕ್ಕದಲ್ಲಿ ಕೆಲಸ ಎಳೆಯುತ್ತದೆ. ಗುಂಡಿ ಲೆಕ್ಕದಲ್ಲಿ ಆಳ ಕಡಿಮೆಯಾಗುತ್ತದೆ. ನನಗೆ ಗುಂಡಿ ಲೆಕ್ಕವೇ ವಾಸಿ. ಎರಡು ಅಡಿ ಮೂರು ಇಂಚಿಗೆ ಗುರುತು ಹಾಕಿದ ಕೋಲೊಂದನ್ನು ಹಿಡಿದು ಪ್ರತಿ ಗುಂಡಿಗೂ ಇಳಿಸಿ ನೋಡುತ್ತಾ ಹೋದರೆ ಆಯಿತು.

ತೋಡಿದ ದಿನವೇ ಕಂಬ ನಿಲ್ಲಿಸುವಷ್ಟು ಆಳು ಇರಲಿ. ತೆರೆದ ಗುಂಡಿಗೆ ಕರು ಕಾಲು ಹಾಕಿದರೆ ಮೂಳೆ ಮುರಿಯುತ್ತದೆ, ರಾತ್ರಿ ಮಳೆ ಬಂದರೆ ಅರ್ಧ ಗುಂಡಿ ಮುಚ್ಚಿಹೋಗುತ್ತದೆ. 7 ಅಡಿ ಕಲ್ಲನ್ನು 2 ಅಡಿ ಹೂತರೆ ಮೇಲೆ 5 ಅಡಿ ನಿಲ್ಲುತ್ತದೆ. ಮಧ್ಯದ ಕಂಬಗಳಿಗೆ ಗರಸು ಮಣ್ಣನ್ನು ಅರ್ಧರ್ಧ ಅಡಿ ತುಂಬುತ್ತಾ ಹಾರೆಯ ಹಿಂಬದಿಯಿಂದ ಬಡಿದರೆ ಸಾಕು. ಎಲ್ಲಕ್ಕೂ ಕಾಂಕ್ರೀಟ್ ಬೇಕಿಲ್ಲ. ಮೂಲೆ, ಗೇಟು, ಆಸರೆ ಕಂಬಕ್ಕೆ ಮಾತ್ರ ಕಾಂಕ್ರೀಟ್ ಹಾಕಿ, ಒಂದು ವಾರ ನೀರುಣಿಸಿ, ಆಮೇಲೆ ತಂತಿ ಎಳೆಯಿರಿ.